ಏಪ್ರಿಲ್ ಒಂದರ ಸ್ವಾತಂತ್ರ್ಯೋತ್ಸವ

ಹೊಸ ಕ್ಯಾಲೆಂಡರ್ ಮನೆಗೆ ಬಂದ ಕೂಡಲೇ ನಾವು ಮೊದಲು ಹುಡುಕುವುದು ಕೆಂಪು ಅಂಕಿಗಳನ್ನೇ ತಾನೆ? ಯಾವ ಹಬ್ಬ ಭಾನುವಾರವೇ ಬಂದು ರಜೆ ನುಂಗಿದೆ ಅಂತ ನೋಡಿ ಹೊಟ್ಟೆ ಉರಿಸಿಕೊಳ್ಳುವುದು ಆಮೇಲಿನ ಕೆಲಸ. ಆದರೆ ಆ ಅಂಕಿಗೆ ಕೆಂಪು ಬಳಿಯುವ ಅಧಿಕಾರ ಯಾರದು? ನನಗೆ ಈ ಪ್ರಶ್ನೆ ಹುಟ್ಟಿದ್ದು ಉಝುಪಿಸ್ ಎಂಬ ಪುಟಾಣಿ 'ದೇಶ'ದ ಬಗ್ಗೆ ಓದುವಾಗ.

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್. ಅಲ್ಲಿ ವಿಲ್ನೆಲೆ ಅಂತ ಒಂದು ಸಣ್ಣ ನದಿ. ಅದರ ಆಚೆ ದಡದ ಬಡಾವಣೆಯೇ ಉಝುಪಿಸ್. ಹೆಸರಿನ ಅರ್ಥವೂ 'ಹೊಳೆಯಾಚೆ' ಅಂತಲೇ. 1997ರಲ್ಲಿ ಅಲ್ಲಿನ ಕಲಾವಿದರೆಲ್ಲ ಸೇರಿ, ನಮ್ಮದು ಸ್ವತಂತ್ರ ಗಣರಾಜ್ಯ ಅಂತ ಘೋಷಿಸಿಬಿಟ್ಟರು! ಬಾವುಟ ಬಂತು, ಮಂತ್ರಿಮಂಡಲ ಬಂತು, ಹತ್ತು ಹನ್ನೆರಡು ಜನರ ಸೈನ್ಯವೂ ಬಂತು. ಕವಿಯೂ ಸಿನಿಮಾ ನಿರ್ದೇಶಕನೂ ಆದ ರೋಮಾಸ್ ಲಿಲೇಕಿಸ್ ರಾಷ್ಟ್ರಪತಿಯಾದರು. ಜಗತ್ತಿನ ಯಾವ ಸರ್ಕಾರವೂ ಇದನ್ನು ದೇಶ ಅಂತ ಒಪ್ಪಿಲ್ಲ. ಸ್ವಾತಂತ್ರ್ಯ ದಿನ ಯಾವತ್ತು ಗೊತ್ತಾ? ಏಪ್ರಿಲ್ 1. ಮೂರ್ಖರ ದಿನ :)

ಆವತ್ತು ಸೇತುವೆ ಮೇಲೆ ಗಡಿಕಾವಲು. ದಾಟಿ ಬಂದವರ ಪಾಸ್‌ಪೋರ್ಟಿಗೆ ಠಸ್ಸೆ. ಚೌಕದ ನಲ್ಲಿಯಲ್ಲಿ ನೀರಿನ ಬದಲು ಬಿಯರ್! ಆ ಚೌಕದ ಕಂಬದ ಮೇಲೆ ತುತ್ತೂರಿ ಊದುವ ದೇವದೂತನ ಪ್ರತಿಮೆಯಿದೆ. ಅದನ್ನು ಅನಾವರಣ ಮಾಡಿದ್ದೂ 2002ರ ಏಪ್ರಿಲ್ ಒಂದರಂದೇ. ಅದಕ್ಕೂ ಮೊದಲು ಆ ಕಂಬದ ಮೇಲೆ ಇದ್ದದ್ದು ಒಂದು ದೊಡ್ಡ ಮೊಟ್ಟೆ!

ಕೆಲಸವಿಲ್ಲದವರ ಹುಡುಗಾಟ ಅಂತ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಜಾಗದ ಚರಿತ್ರೆ ನಗು ತರಿಸುವಂಥದ್ದಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಉಝುಪಿಸ್‌ನಲ್ಲಿ ಬಹಳಷ್ಟು ಯಹೂದಿಗಳಿದ್ದರು. ನಾಜಿಗಳ ಕಾಲದಲ್ಲಿ ಅವರಲ್ಲಿ ಹೆಚ್ಚಿನವರು ಕೊಲೆಯಾದರು. ಖಾಲಿ ಮನೆಗಳು ಸೋವಿಯತ್ ಕಾಲದಲ್ಲಿ ಪಾಳುಬಿದ್ದವು. ಮನೆ ಮಠ ಇಲ್ಲದವರು, ಊರು ದೂರವಿಟ್ಟವರು ಅಲ್ಲಿ ಸೇರಿಕೊಂಡರು. ಬಾಡಿಗೆ ಅಗ್ಗ ಅಂತ ಕಲಾವಿದರು ಬಂದದ್ದು ಆಮೇಲೆ.

ಇನ್ನು ರಜೆಗಳ ಕಥೆ. ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1918ರ ಫೆಬ್ರವರಿ 16ರಂದು. ಸೋವಿಯತ್ ಆಳ್ವಿಕೆಯಲ್ಲಿ ಆ ದಿನವನ್ನು ಆಚರಿಸುವುದೇ ಅಪರಾಧ. ರಾತ್ರೋರಾತ್ರಿ ಹಳೇ ಬಾವುಟ ಹಾರಿಸಿದವರು ಜೈಲು ಕಂಡರು. ಆದರೆ ನವೆಂಬರ್ 7ರ ಕ್ರಾಂತಿ ದಿನಕ್ಕೆ ಮೆರವಣಿಗೆ ಹೋಗಲೇಬೇಕು, ಚಪ್ಪಾಳೆ ಹೊಡೆಯಲೇಬೇಕು. ತಮ್ಮ ಹಬ್ಬ ಮಾಡುವಂತಿಲ್ಲ, ಬೇರೆಯವರ ಹಬ್ಬ ಬಿಡುವಂತಿಲ್ಲ! 1990ರ ಮಾರ್ಚ್ 11ರಂದು ದೇಶ ಮತ್ತೆ ಸ್ವತಂತ್ರ ಅಂತ ಸಾರಿಕೊಂಡಿತು. ಮರುವರ್ಷ ಜನವರಿ 13ರ ರಾತ್ರಿ ವಿಲ್ನಿಯಸ್ಸಿನ ಟೀವಿ ಗೋಪುರದ ಬಳಿ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ 14 ಜನ ಸತ್ತರು.

ಅದಾಗಿ ಆರೇ ವರ್ಷಕ್ಕೆ ಅದೇ ಊರಿನವರು ಏಪ್ರಿಲ್ ಒಂದನ್ನು ತಮ್ಮ ಸ್ವಾತಂತ್ರ್ಯ ದಿನ ಅಂದರು. ಯಾರೂ ಬರಲೇಬೇಕಿಲ್ಲದ, ಬಾರದಿದ್ದರೆ ಯಾರೂ ಕೇಳದ ಒಂದು ಹಬ್ಬ. ಹಾಗೆ ನೋಡಿದಾಗ ಇದು ಬರೀ ತಮಾಷೆ ಅಂತ ನನಗನ್ನಿಸಲಿಲ್ಲ.

1998ರಲ್ಲಿ ಲಿಲೇಕಿಸ್ ಮತ್ತು ತೋಮಾಸ್ ಚೆಪೈತಿಸ್ ಬರೆದ ಸಂವಿಧಾನದಲ್ಲಿ 41 ವಿಧಿಗಳಿವೆ. ನಾಯಿಗೆ ನಾಯಿಯಾಗಿರುವ ಹಕ್ಕಿದೆ. ಬೆಕ್ಕು ಯಜಮಾನನನ್ನು ಪ್ರೀತಿಸಬೇಕಾಗಿಲ್ಲ, ಆದರೆ ಕಷ್ಟಕಾಲಕ್ಕೆ ಆಗಬೇಕು. ಹಲವು ಭಾಷೆಗಳಲ್ಲಿ ಫಲಕ ಮಾಡಿಸಿ ಬೀದಿಗೋಡೆಗೆ ಹಾಕಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 26ನೇ ವಿಧಿ. ಹುಟ್ಟುಹಬ್ಬ ಆಚರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಆಚರಿಸದೇ ಇರುವ ಹಕ್ಕೂ ಇದೆ ಅನ್ನುತ್ತದೆ ಅದು. ನವೆಂಬರ್ 7ರ ಮೆರವಣಿಗೆ ನಡೆದವರಿಗೆ ಆ ಎರಡನೇ ಹಕ್ಕಿನ ಬೆಲೆ ಚೆನ್ನಾಗಿ ಗೊತ್ತು.

ಈಗ ಉಝುಪಿಸ್ ವಿಲ್ನಿಯಸ್ಸಿನ ದುಬಾರಿ ಬಡಾವಣೆಗಳಲ್ಲೊಂದು. ಅಗ್ಗದ ಬಾಡಿಗೆಗೆ ಬಂದವರ ತಮಾಷೆಯೇ ಅಲ್ಲಿನ ಬಾಡಿಗೆ ಏರಿಸಿತು. ಇದೂ ಚರಿತ್ರೆಯದೇ ಒಂದು ಏಪ್ರಿಲ್ ಫೂಲ್ ಇರಬೇಕು.

ಸರಿ, ಕ್ಯಾಲೆಂಡರಿನಲ್ಲಿ ಒಂದೇ ಒಂದು ಅಂಕಿಗೆ ಕೆಂಪು ಬಳಿಯುವ ಅಧಿಕಾರ ನಿಮಗೆ ಸಿಕ್ಕರೆ ಯಾವ ದಿನಕ್ಕೆ ಬಳಿಯುತ್ತೀರಿ? ಸೋಮವಾರ ಅಂತ ಮಾತ್ರ ಹೇಳಬೇಡಿ, ಅದನ್ನು ನಾನು ಆಗಲೇ ಕಾದಿರಿಸಿದ್ದೇನೆ..