ದಣಿವಿನ ಲೆಕ್ಕ: ವ್ಯಾಯಾಮ ವಿಜ್ಞಾನ ಬೆಳೆದು ಬಂದ ದಾರಿ

ಮಗಳು ‘ಆಟದಲ್ಲೇ ಮುಂದುವರೀತೀನಿ’ ಎಂದು ಹಟ ಹಿಡಿದರೆ ನಮ್ಮ ಮನೆಗಳಲ್ಲಿ ಹೆತ್ತವರಿಗೆ ಹೊಳೆಯುವುದು ಎರಡೇ ದಾರಿ. ಒಂದು ದೇಶದ ತಂಡದ ಜರ್ಸಿ, ಅದು ಲಕ್ಷಕ್ಕೊಬ್ಬರಿಗೆ. ಇನ್ನೊಂದು ಬಿ.ಪಿ.ಎಡ್. ಮುಗಿಸಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗುವುದು. ಈ ಎರಡರ ನಡುವೆ ಫಿಸಿಯೋ, ಟ್ರೇನರ್, ಕ್ರೀಡಾ ಮನಶ್ಶಾಸ್ತ್ರಜ್ಞ, ಆಹಾರ ತಜ್ಞ, ಚಲನೆಯನ್ನು ಅಳೆಯುವವರು, ಆಟದ ಅಂಕಿಅಂಶ ಬಿಡಿಸುವವರು ಎಂದು ಹತ್ತಾರು ಉದ್ಯೋಗಗಳು ಈಗ ಇವೆ. ಅವೆಲ್ಲ ವ್ಯಾಯಾಮ ವಿಜ್ಞಾನ ಎಂಬ ಒಂದೇ ಬೇರಿನಿಂದ ಒಡೆದ ಚಿಗುರುಗಳು. ಆ ಬೇರಿಗೆ ನೀರೆರೆದವರಲ್ಲಿ ಪದಕ ಗೆದ್ದವರಿಗಿಂತ ಸಾಧಾರಣ ದೇಹದ ದುಡಿಯುವ ಜನರೇ ಹೆಚ್ಚು ಎಂಬುದು ಈ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ.

ಉಸಿರಾಟವೂ ಒಂದು ಬಗೆಯ ದಹನವೇ ಎಂದು ಫ್ರಾನ್ಸಿನ ಲವಾಸಿಯೇ 18ನೇ ಶತಮಾನದಲ್ಲೇ ತೋರಿಸಿದ್ದ. ಆದರೆ ಓಡುವ ಮನುಷ್ಯ ಎಷ್ಟು ಆಮ್ಲಜನಕ ಬಳಸುತ್ತಾನೆಂದು ಓಟದ ನಡುವೆಯೇ ಅಳೆದ ಕೀರ್ತಿ ಬಹುಮಟ್ಟಿಗೆ ಇಂಗ್ಲೆಂಡಿನ ಎ.ವಿ. ಹಿಲ್‌ಗೆ ಸಲ್ಲಬೇಕು. 1920ರ ದಶಕದ ಆರಂಭದಲ್ಲಿ ಹಿಲ್ ಮತ್ತು ಹಾರ್ಟ್ಲಿ ಲಪ್ಟನ್ ಮ್ಯಾಂಚೆಸ್ಟರಿನಲ್ಲಿ ಸುಮಾರು 85 ಮೀಟರ್ ಸುತ್ತಳತೆಯ ಹುಲ್ಲಿನ ಟ್ರ್ಯಾಕ್ ಹಾಕಿಕೊಂಡರು. ಹಿಲ್ ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು, ಬಾಯಿಗೆ ಕವಾಟದ ಕೊಳವೆ ಕಚ್ಚಿಕೊಂಡು ತಾವೇ ಸುತ್ತು ಓಡಿದರು. ಬಿಟ್ಟ ಉಸಿರೆಲ್ಲ ಚೀಲದಲ್ಲಿ ಶೇಖರವಾಗುತ್ತಿತ್ತು. ಆಮೇಲೆ ಅದರ ವಿಶ್ಲೇಷಣೆ. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಏರುತ್ತಾ ಹೋಗಿ, ಹಿಲ್ ವಿಷಯದಲ್ಲಿ ನಿಮಿಷಕ್ಕೆ ಸುಮಾರು 4 ಲೀಟರಿಗೆ ನಿಂತಿತು. ಇನ್ನೂ ಜೋರಾಗಿ ಓಡಬಹುದಿತ್ತು, ಆದರೆ ಆಮ್ಲಜನಕ ಅದಕ್ಕಿಂತ ಹೆಚ್ಚು ಒಳಗೆ ಬರುತ್ತಿರಲಿಲ್ಲ. ಇಂದು ಸ್ಮಾರ್ಟ್‌ವಾಚುಗಳು ಕೂಡ ಅಂದಾಜಿಸಿ ತೋರಿಸುವ ‘ವಿಒ2 ಮ್ಯಾಕ್ಸ್’ ಎಂದರೆ ಇದೇ ಗರಿಷ್ಠ ಮಿತಿ. ಹೃದಯ ಎಷ್ಟು ರಕ್ತ ದೂಡುತ್ತದೆ, ಆ ರಕ್ತದಿಂದ ಸ್ನಾಯು ಎಷ್ಟು ಆಮ್ಲಜನಕ ಹೀರುತ್ತದೆ ಎಂಬ ಎರಡು ಸಾಮರ್ಥ್ಯಗಳನ್ನು ಈ ಒಂದು ಸಂಖ್ಯೆ ಹೇಳುತ್ತದೆ.

ಹಿಲ್ ಕಾಲದ ಒಂದು ತಿಳಿವಳಿಕೆ ಮಾತ್ರ ಮುಂದೆ ಬಿದ್ದುಹೋಯಿತು. ದಣಿವಿಗೆ ಲ್ಯಾಕ್ಟಿಕ್ ಆಮ್ಲವೇ ಖಳನಾಯಕ ಎಂದು ಆಗ ನಂಬಿದ್ದರು. 1980ರ ದಶಕದಿಂದೀಚೆಗೆ ಅಮೆರಿಕದ ಜಾರ್ಜ್ ಬ್ರೂಕ್ಸ್ ಮತ್ತಿತರರು ದೇಹದಲ್ಲಿ ಆ ಆಮ್ಲ ಇರುವ ರೂಪವಾದ ಲ್ಯಾಕ್ಟೇಟ್ ಸ್ವತಃ ಒಂದು ಇಂಧನ, ಹೃದಯವೂ ಅದನ್ನು ಉರಿಸಿಕೊಳ್ಳುತ್ತದೆ ಎಂದು ತೋರಿಸಿದರು. ಜಿಮ್‌ಗೆ ಸೇರಿದ ಎರಡನೇ ದಿನ ತೊಡೆ ಹಿಡಿದುಕೊಂಡರೆ ‘ಲ್ಯಾಕ್ಟಿಕ್ ಆಸಿಡ್ ಕೂತಿದೆ’ ಎನ್ನುವ ಟ್ರೇನರುಗಳು ಇವತ್ತಿಗೂ ಸಿಗುತ್ತಾರೆ. ಆದರೆ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ಲ್ಯಾಕ್ಟೇಟ್ ಮಟ್ಟ ಇಳಿದಿರುತ್ತದೆ. ಮರುದಿನದ ನೋವು ರೂಢಿಯಿಲ್ಲದ ಸ್ನಾಯುಗಳಲ್ಲಾದ ಸೂಕ್ಷ್ಮ ಹಾನಿಯದು.

ಅಮೆರಿಕದಲ್ಲಿ 1927ರಿಂದ 1947ರವರೆಗೆ ನಡೆದ ಹಾರ್ವರ್ಡ್ ದಣಿವು ಪ್ರಯೋಗಶಾಲೆ ಎತ್ತರದ ಪ್ರದೇಶ, ಬಿಸಿಲು, ದುಡಿಮೆ ದೇಹದ ಮೇಲೆ ಮಾಡುವ ಪರಿಣಾಮವನ್ನು ಅಧ್ಯಯನ ಮಾಡಿತು. ಅದು ಇದ್ದದ್ದು ಅಲ್ಲಿನ ಬಿಸಿನೆಸ್ ಸ್ಕೂಲಿನ ನೆಲಮಾಳಿಗೆಯಲ್ಲಿ. ಅಂದರೆ ಅವರ ಕಣ್ಣು ಕ್ರೀಡಾಂಗಣಕ್ಕಿಂತ ಕಾರ್ಖಾನೆಯ ಕಡೆಗಿತ್ತು.

ಸ್ನಾಯುವಿನ ಒಳಗೆ ಇಣುಕಿದವರು ಸ್ವೀಡನ್ನಿನವರು. ಯೋನಾಸ್ ಬೆರ್ಗ್‌ಸ್ಟ್ರಾಮ್ ಸೂಜಿಯಿಂದ ಸ್ನಾಯುವಿನ ಚೂರು ತೆಗೆಯುವ ವಿಧಾನವನ್ನು ಬಳಕೆಗೆ ತಂದರು. 1966ರಲ್ಲಿ ಅವರು ಮತ್ತು ಎರಿಕ್ ಹುಲ್ಟ್‌ಮನ್ ಒಂದೇ ವ್ಯಾಯಾಮದ ಸೈಕಲಿನ ಎರಡು ಬದಿಗೆ ನಿಂತು, ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಸುಸ್ತಾಗುವ ತನಕ ಪೆಡಲ್ ತುಳಿದರು. ತುಳಿದ ಕಾಲಿನಲ್ಲಿ ಗ್ಲೈಕೋಜನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಹೆಚ್ಚುಕಡಿಮೆ ಬರಿದಾಗಿತ್ತು. ಸುಮ್ಮನಿದ್ದ ಕಾಲಿನಲ್ಲಿ ಹಾಗೇ ಇತ್ತು. ಆಮೇಲೆ ಮೂರು ದಿನ ಪಿಷ್ಟ ಹೆಚ್ಚಿರುವ ಊಟ. ದುಡಿದ ಕಾಲಿನಲ್ಲಿ ಗ್ಲೈಕೋಜನ್ ಇನ್ನೊಂದು ಕಾಲಿನ ಸುಮಾರು ಎರಡರಷ್ಟು ತುಂಬಿಕೊಂಡಿತು. ಇಬ್ಬರೇ ಮನುಷ್ಯರು, ತಮ್ಮದೇ ತೊಡೆಗಳು. ಆದರೂ ಈ ಶಾಸ್ತ್ರದ ಮೂಲಪಾಠಗಳೆಲ್ಲ ಇದರಲ್ಲಿವೆ. ಯಾವ ಸ್ನಾಯು ದುಡಿಯುತ್ತದೋ ಅದೇ ಬದಲಾಗುತ್ತದೆ. ರೂಢಿಗಿಂತ ಹೆಚ್ಚು ಹೊರೆ ಬಿದ್ದರಷ್ಟೇ ಬದಲಾಗುತ್ತದೆ. ಬದಲಾಗುವುದು ಹೊರೆ ಇಳಿಸಿದ ಮೇಲೆ, ಅನ್ನ ಮತ್ತು ವಿಶ್ರಾಂತಿ ಸಿಕ್ಕಾಗ. ಗರಡಿಮನೆಯ ಉಸ್ತಾದರು ಸಾಮು, ಬಸ್ಕಿಗಳನ್ನು ದಿನದಿನಕ್ಕೆ ಏರಿಸುತ್ತಾ ಖುರಾಕಿನ ಮೇಲೆ ಕಣ್ಣಿಟ್ಟು ಮಾಡಿಸುತ್ತಿದ್ದುದಕ್ಕೆ ಇಲ್ಲಿ ಆಧಾರ ಸಿಕ್ಕಿತು. ಮ್ಯಾರಥಾನಿಗೆ ಮೊದಲು ಓಟಗಾರರು ಅನ್ನ, ಪಾಸ್ತಾ ಹೆಚ್ಚಾಗಿ ತಿನ್ನುವ ರೂಢಿಯೂ ಇಲ್ಲಿಂದಲೇ ಬಂದದ್ದು.

ಇಷ್ಟೆಲ್ಲ ಇದ್ದರೂ, ಈ ಕ್ಷೇತ್ರದ ಅತ್ಯಂತ ಬೆಲೆಬಾಳುವ ಕೆಲಸ ಯಾವುದೆಂದು ಕೇಳಿದರೆ ನಾನು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳತ್ತ ಕೈ ತೋರಿಸುತ್ತೇನೆ. ಜೆರ್ರಿ ಮಾರಿಸ್ ಎಂಬ ವೈದ್ಯರು ಸುಮಾರು 31,000 ಸಾರಿಗೆ ನೌಕರರ ಆರೋಗ್ಯದ ದಾಖಲೆ ಕೂಡಿಸಿ 1953ರಲ್ಲಿ ಪ್ರಕಟಿಸಿದರು. ಡ್ರೈವರ್ ಕೂತೇ ಇರುತ್ತಾನೆ. ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಒಂದೇ ಸಂಸ್ಥೆ, ಒಂದೇ ವಯಸ್ಸು, ಒಂದೇ ರಸ್ತೆ. ಆದರೂ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ. ಬಂದರೂ ತಡವಾಗಿ, ಅಷ್ಟು ಮಾರಕವಲ್ಲದಂತೆ ಬರುತ್ತಿತ್ತು. ಮಾರಿಸ್ ಅಲ್ಲಿಗೇ ಬಿಡಲಿಲ್ಲ. ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸ ಹಿಡಿದಿರಬಹುದಲ್ಲ ಎಂದು ಅವರ ತಂಡ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆ ತರಿಸಿತು. ನಿಜಕ್ಕೂ ಡ್ರೈವರುಗಳ ಸೊಂಟವೇ ದೊಡ್ಡದು! ತಮ್ಮ ವಾದವನ್ನೇ ದುರ್ಬಲಗೊಳಿಸುವ ಈ ಅಂಶವನ್ನು ಅವರು 1956ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಆಮೇಲೆ ಬೇರೆ ನೌಕರರಲ್ಲಿ, ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಚಟುವಟಿಕೆಗೂ ಹೃದಯದ ಆರೋಗ್ಯಕ್ಕೂ ಇರುವ ನಂಟನ್ನು ಗಟ್ಟಿಮಾಡಿದವು.

ಆದರೆ ಆ ಕಾಲದ ಬಹುಪಾಲು ಅಧ್ಯಯನಗಳು ಗಂಡಸರದ್ದೇ. ಹೆಂಗಸರ ವಿಷಯದಲ್ಲಿ ಅಳತೆಗೆ ಬದಲು ಅಂಜಿಕೆ ನಡೆದುಬಂತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ 800 ಮೀಟರ್ ಓಡಿದ ಮಹಿಳೆಯರು ಕೊನೆಯಲ್ಲಿ ಬಳಲಿದ್ದನ್ನು ಪತ್ರಿಕೆಗಳು ಉಬ್ಬಿಸಿ ಬರೆದವು. ಆ ಸ್ಪರ್ಧೆ ಅವರಿಗೆ ಮತ್ತೆ ಸಿಕ್ಕಿದ್ದು 1960ರಲ್ಲಿ.

1964ರಲ್ಲಿ ಬರ್ಕ್‌ಲಿಯ ಫ್ರ್ಯಾಂಕ್ಲಿನ್ ಹೆನ್ರಿ, ದೈಹಿಕ ಶಿಕ್ಷಣವು ತನ್ನದೇ ಜ್ಞಾನಭಂಡಾರ ಇರುವ ಸ್ವತಂತ್ರ ಶಾಸ್ತ್ರ ಎಂದು ವಾದಿಸಿದರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಶರೀರಕ್ರಿಯೆ, ಚಲನೆಯ ಯಂತ್ರಶಾಸ್ತ್ರ, ಕ್ರೀಡಾ ಮನಶ್ಶಾಸ್ತ್ರಗಳು ಬೇರೆ ಬೇರೆ ಕವಲಾಗಿ ಬೆಳೆದವು. ಉದ್ಯೋಗಗಳೂ ಹಾಗೇ ಕವಲೊಡೆದವು.

ಇಂಡಿಯಾದಲ್ಲಿ ಈ ಅಳತೆಯ ಬುದ್ಧಿ ಮೊದಲು ಕಾಣಿಸಿದ ಜಾಗಗಳಲ್ಲಿ ಯೋಗವೂ ಒಂದು. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದ ಕೈವಲ್ಯಧಾಮದಲ್ಲಿ ಆಸನ, ಕ್ರಿಯೆಗಳನ್ನು ಪ್ರಯೋಗಾಲಯದ ಪರೀಕ್ಷೆಗೆ ಒಡ್ಡಿದರು. 1935ರಲ್ಲಿ ಫ್ರೆಂಚ್ ಹೃದ್ರೋಗ ತಜ್ಞೆ ತೆರೇಸ್ ಬ್ರಾಸ್ ಇಸಿಜಿ ಯಂತ್ರದೊಂದಿಗೆ ಬಂದು, ಆಗ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಟಿ. ಕೃಷ್ಣಮಾಚಾರ್ಯರನ್ನು ಪರೀಕ್ಷಿಸಿದರು. ಆಚಾರ್ಯರು ಹೃದಯವನ್ನೇ ನಿಲ್ಲಿಸಬಲ್ಲರೆಂಬ ಮಾತು ಹಬ್ಬಿತು. ಎರಡು ದಶಕದ ನಂತರ ವಿಜ್ಞಾನಿಗಳಾದ ವೆಂಗರ್, ಬಾಗ್ಚಿ ಹಾಗೂ ದೆಹಲಿಯ ಬಿ.ಕೆ. ಆನಂದ್, ಕೃಷ್ಣಮಾಚಾರ್ಯರನ್ನು ಮತ್ತೆ ಪರೀಕ್ಷಿಸಿ 1961ರಲ್ಲಿ ವರದಿ ಬರೆದರು. ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ತಗ್ಗಿದ್ದರಿಂದ ನಾಡಿ ಸಿಗದಾಗುತ್ತಿತ್ತು. ಹೃದಯ ಬಡಿಯುತ್ತಲೇ ಇತ್ತು. ಆಚಾರ್ಯರ ಸಾಧನೆ ಇದರಿಂದ ಕುಂದಲಿಲ್ಲ, ಅದು ಏನೆಂದು ಸ್ಪಷ್ಟವಾಯಿತು.

ಅಳತೆ ಸರಿಯಿಲ್ಲದಿದ್ದರೆ ಏನಾಗುತ್ತದೆಂದು 2020ರ ಫೆಬ್ರುವರಿಯಲ್ಲಿ ಕರಾವಳಿಯೇ ಕಂಡಿತು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟ್‌ನನ್ನೇ ಮೀರಿಸಿದಂತೆ ಸುದ್ದಿಯಾಯಿತು. ಓಟದಲ್ಲಿ ನಿಧಾನವಾಗಿರುವುದು ಶುರುವಿನ ಕೆಲವು ಮೀಟರ್. ದೂರ ಹೆಚ್ಚಾದಷ್ಟು ಆ ನಷ್ಟ ಹಂಚಿಹೋಗುತ್ತದೆ. ಸಾಲದ್ದಕ್ಕೆ ಮುಂದೆ ಕೋಣಗಳ ಜೋಡಿ ಎಳೆಯುತ್ತಿದೆ. ಭಾರತೀಯ ಕ್ರೀಡಾ ಪ್ರಾಧಿಕಾರ (ಸಾಯ್) ಕರೆದ ಟ್ರಯಲ್‌ಗೆ ಗೌಡರು ಒಪ್ಪಲಿಲ್ಲ, ಕಂಬಳ ಬೇರೆ, ಟ್ರ್ಯಾಕ್ ಬೇರೆ ಎಂದರು. ಅಂದು ಸುದ್ದಿವಾಹಿನಿಗಳಿಗಿಂತ ವೈಜ್ಞಾನಿಕವಾಗಿ ಮಾತಾಡಿದವರು ಅವರೇ.

ತಜ್ಞರು ಜೊತೆಗಿಲ್ಲದಿದ್ದರೆ ಆಟಗಾರರು ತೆರುವ ಬೆಲೆ ಇನ್ನೂ ದೊಡ್ಡದು. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದರು. ಮರುವರ್ಷ ಅವರೂ ರಿಲೇ ಸಂಗಾತಿಗಳೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯೇ ಕಾರಣ ಎಂದು ಅವರು ವಾದಿಸಿದರು. ಒಂದು ವರ್ಷದ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಮಾತ್ರೆ ಬಾಯಿಗೆ ಹೋಗುವ ಮೊದಲೇ ಅದರ ಮೂಲ ಪರಿಶೀಲಿಸುವುದು ಕ್ರೀಡಾ ವೈದ್ಯರ, ಆಹಾರ ತಜ್ಞರ ಕೆಲಸ.

1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ (ಎನ್‌ಐಎಸ್) ಕೋಚ್‌ಗಳಿಗೆ ಶಾಸ್ತ್ರೀಯ ತರಬೇತಿ ಶುರುಮಾಡಿತು. 1984ರಲ್ಲಿ ಸಾಯ್ ಬಂತು. ನಮ್ಮಲ್ಲಿ ಬೆಂಗಳೂರಿನ ಸಾಯ್ ಕೇಂದ್ರ, ಕ್ರಿಕೆಟ್ ಮಂಡಳಿಯ ತರಬೇತಿ ಕೇಂದ್ರ, 2018ರಿಂದ ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇವೆ. ಕೋಪನ್‌ಹೇಗನ್ನಿನ ಯೆನ್ಸ್ ಬ್ಯಾಂಗ್ಸ್‌ಬೊ ರೂಪಿಸಿದ, ಓಟದ ದಮ್ಮು ಅಳೆಯುವ ಯೋ-ಯೋ ಟೆಸ್ಟ್ ಕ್ರಿಕೆಟ್ ನೋಡುವ ಹುಡುಗರ ಬಾಯಲ್ಲೂ ಇದೆ. ಫಿಸಿಯೋಥೆರಪಿ ಓದಿದವರಿಗೆ ಸ್ನಾತಕೋತ್ತರದಲ್ಲಿ ಕ್ರೀಡಾ ವಿಭಾಗವಿದೆ. ಕೋಚ್ ಆಗಬೇಕೆನ್ನುವವರಿಗೆ ಎನ್‌ಐಎಸ್ ಡಿಪ್ಲೊಮಾ ಇದೆ.

ನನ್ನ ತಕರಾರು ಒಂದೇ: ಈ ಜ್ಞಾನವೆಲ್ಲ ಶಿಖರದಲ್ಲಿರುವ ಆಟಗಾರರ ಸುತ್ತಲೇ ಸುತ್ತುತ್ತಿದೆ. ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ಸಕ್ಕರೆ ಕಾಯಿಲೆಯವರು ಆಸ್ಪತ್ರೆಗೆ ಹೋದರೆ ಸಾಮಾನ್ಯವಾಗಿ ಸಿಗುವುದು ‘ದಿನಾ ವಾಕಿಂಗ್ ಮಾಡಿ’ ಎಂಬ ಒಂದು ಮಾತು. ಎಷ್ಟು ಬಿರುಸಾಗಿ ನಡೆಯಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು. ಮಂಡಿನೋವಿದ್ದರೆ ಕುರ್ಚಿಯಿಂದ ಎದ್ದು ಕೂರುವುದನ್ನೇ ವ್ಯಾಯಾಮ ಮಾಡಿಕೊಳ್ಳುವುದು ಹೇಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಹೊತ್ತಿನಲ್ಲಿ ನಡೆಯಬೇಕು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಎಲ್ಲಿಂದ ಶುರುಮಾಡಬೇಕು ಎಂದು ಪಕ್ಕದಲ್ಲಿ ನಿಂತು ಹೇಳಿಕೊಡುವ ವ್ಯಾಯಾಮ ತಜ್ಞರು ತಾಲ್ಲೂಕಿಗೊಬ್ಬರಾದರೂ ಬೇಕು. ಆ ಹುದ್ದೆಯನ್ನು ಸರ್ಕಾರ ಮಂಜೂರು ಮಾಡಲಿ. ಓದಿಕೊಂಡು ಬರಲು ನಮ್ಮ ಹುಡುಗ ಹುಡುಗಿಯರು ಸಿದ್ಧರಿದ್ದಾರೆ.