ದೆಹಲಿ ಮೆಟ್ರೊ ನಾಯಕತ್ವದ ಎರಡನೇ ಸಾಲು: ಉತ್ತರಾಧಿಕಾರದ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ದೆಹಲಿ ಮೆಟ್ರೊ ರೈಲು ನಿಗಮ (ಮುಂದೆ ‘ನಿಗಮ’) ಕಂಪನಿಯಾಗಿ ನೋಂದಣಿಯಾದದ್ದು 1995ರ ಮೇ 3ರಂದು. ಕೇಂದ್ರ ಸರ್ಕಾರ ಮತ್ತು ದೆಹಲಿ ಸರ್ಕಾರ ಇದರಲ್ಲಿ ಸಮಪಾಲು ಬಂಡವಾಳ ಹೂಡಿವೆ. ಇ. ಶ್ರೀಧರನ್ ಅವರ ನಂತರ ವ್ಯವಸ್ಥಾಪಕ ನಿರ್ದೇಶಕರಾದ ಮಂಗು ಸಿಂಗ್ ಮತ್ತು ವಿಕಾಸ್ ಕುಮಾರ್, ಇಬ್ಬರೂ ನಿಗಮದೊಳಗೇ ನಿರ್ದೇಶಕ ಹುದ್ದೆಯಲ್ಲಿದ್ದವರು. ‘ಶ್ರೀಧರನ್ ತಮ್ಮ ಉತ್ತರಾಧಿಕಾರಿಯನ್ನು ಬೆಳೆಸಿದರು’ ಎಂಬ ಮಾತು ಇದರಿಂದಲೇ ಹುಟ್ಟಿಕೊಂಡಿರಬೇಕು. ದಿನಾಂಕಗಳು ಈ ಮಾತನ್ನು ಎಷ್ಟರ ಮಟ್ಟಿಗೆ ಸಮರ್ಥಿಸುತ್ತವೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ಅವಧಿಯ ಲೆಕ್ಕ

ಶ್ರೀಧರನ್ ನಿವೃತ್ತರಾದದ್ದು 2011ರ ಡಿಸೆಂಬರ್ 31ರಂದು, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಧಿಕಾರ ವಹಿಸಿಕೊಂಡ ವರ್ಷದ ವಿಷಯದಲ್ಲಿ ಮಾತ್ರ ಬರಹಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ‘16 ವರ್ಷ’ ಎನ್ನುತ್ತವೆ, ಕೆಲವು 1995–2012 ಎಂದು ನಮೂದಿಸುತ್ತವೆ, ಉಳಿದವು 1997ರ ನವೆಂಬರ್‌ನಿಂದ ಎಣಿಸುತ್ತವೆ. ಹದಿನಾರು ವರ್ಷದ ಲೆಕ್ಕ ಕಂಪನಿಯ ನೋಂದಣಿಯ ದಿನದಿಂದ ಹೊರಟಂತೆ ಕಾಣುತ್ತದೆ. 1995ರಲ್ಲಿ ಶ್ರೀಧರನ್ ಇನ್ನೂ ಕೊಂಕಣ ರೈಲ್ವೆಯ ಹೊಣೆಯಲ್ಲಿದ್ದರು. ಆ ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದದ್ದು 1998ರ ಜನವರಿ 26ರಂದು. ಆದ್ದರಿಂದ 1997ರ ನವೆಂಬರ್ ಹೆಚ್ಚು ಸಂಭಾವ್ಯ. ಆಗ ಅವಧಿ 14 ವರ್ಷ ಮತ್ತು ಸುಮಾರು ಎರಡು ತಿಂಗಳು.

ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಮಂಗು ಸಿಂಗ್ ನಿಗಮಕ್ಕೆ ಬಂದದ್ದೂ 1997ರಲ್ಲೇ. 1997ರ ಲೆಕ್ಕವನ್ನು ಒಪ್ಪಿದರೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಂದವರಾಗುತ್ತಾರೆ. ಆಗ ಉತ್ತರಾಧಿಕಾರಿ ಸಂಸ್ಥೆಯನ್ನು ಕಟ್ಟುವಾಗ ಜೊತೆಗಿದ್ದವರು, ನಂತರ ಬಂದು ಪಳಗಿದವರಲ್ಲ. ‘ಬೆಳೆಸಿದರು’ ಎಂಬ ಕ್ರಿಯಾಪದವನ್ನು ಈ ಮಟ್ಟಿಗಾದರೂ ತಗ್ಗಿಸಿ ಬಳಸಬೇಕಾಗುತ್ತದೆ.

3. ಇಬ್ಬರು ಉತ್ತರಾಧಿಕಾರಿಗಳು

ಮಂಗು ಸಿಂಗ್ ಭಾರತೀಯ ರೈಲ್ವೆಯ ಎಂಜಿನಿಯರುಗಳ ಸೇವೆಯ 1981ರ ತಂಡದವರು. ನಿಗಮಕ್ಕೆ ಬರುವ ಮುನ್ನ ಕೋಲ್ಕತ್ತ ಮೆಟ್ರೊದ ಕಾಮಗಾರಿಯಲ್ಲಿ ಕೆಲಸ ಮಾಡಿದ್ದರು. ಅವರ ಅವಧಿ 2012ರ ಜನವರಿ 1ರಿಂದ 2022ರ ಮಾರ್ಚ್ 31ರವರೆಗೆ. 2022ರ ಏಪ್ರಿಲ್ 1ರಂದು ಬಂದ ವಿಕಾಸ್ ಕುಮಾರ್ ರೈಲ್ವೆ ಸಂಚಾರ ಸೇವೆಯ 1988ರ ತಂಡದವರು. 2004ರಿಂದ ನಿಗಮದಲ್ಲಿದ್ದು, ಕಾರ್ಯಾಚರಣೆ ವಿಭಾಗದ ನಿರ್ದೇಶಕ ಸ್ಥಾನದಿಂದ ಮೇಲೇರಿದವರು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಇಬ್ಬರೂ ಮೇಲಿನ ಹುದ್ದೆಗೆ ಬರುವ ಮೊದಲು ನಿಗಮದಲ್ಲಿ ಕಳೆದ ಕಾಲ ದೀರ್ಘ: ಒಬ್ಬರು ಸುಮಾರು 14 ವರ್ಷ, ಇನ್ನೊಬ್ಬರು 17ಕ್ಕೂ ಹೆಚ್ಚು. ಎರಡನೆಯದು, ಒಬ್ಬರು ಕಟ್ಟುವ ವಿಭಾಗದವರು, ಇನ್ನೊಬ್ಬರು ಓಡಿಸುವ ವಿಭಾಗದವರು. 2011ರ ಹೊತ್ತಿಗೆ ಮೊದಲ ಎರಡು ಹಂತಗಳಲ್ಲಿ ಕ್ರಮವಾಗಿ ಸುಮಾರು 65 ಮತ್ತು 125 ಕಿ.ಮೀ. ಮಾರ್ಗ ತೆರೆದಿತ್ತು, ಸುಮಾರು 160 ಕಿ.ಮೀ.ನ ಮೂರನೇ ಹಂತ ಮುಂದಿತ್ತು. 2022ರ ಹೊತ್ತಿಗೆ ನಿಗಮದ ಕೆಲಸದ ಭಾರ ಸಂಚಾರ ನಿರ್ವಹಣೆಯ ಕಡೆಗೆ ವಾಲಿತ್ತು. ಆಯ್ಕೆ ಈ ಪಲ್ಲಟವನ್ನು ಅನುಸರಿಸಿತೆ, ಅಥವಾ ಇದು ಕಾಕತಾಳೀಯವೇ ಎಂಬುದನ್ನು ಎರಡೇ ನಿದರ್ಶನಗಳಿಂದ ನಿರ್ಣಯಿಸುವುದು ಸಾಧುವಲ್ಲ.

ವ್ಯವಸ್ಥಾಪಕ ನಿರ್ದೇಶಕರ ಹೆಸರನ್ನು ಸೂಚಿಸುವುದು ದೆಹಲಿ ಸರ್ಕಾರ. ಅಂದರೆ ನಿಗಮ ತನ್ನೊಳಗೆ ಅರ್ಹರನ್ನು ಸಿದ್ಧಪಡಿಸಬಲ್ಲದು. ನೇಮಕ ಅದರ ಕೈಯಲ್ಲಿಲ್ಲ.

4. ಅಭ್ಯಾಸಗಳು

ಶ್ರೀಧರನ್ ಕಾಲದಲ್ಲಿ ಪ್ರತಿ ಸೋಮವಾರ ವಿಭಾಗಗಳ ಮುಖ್ಯಸ್ಥರ ಸಭೆ ನಡೆಯುತ್ತಿತ್ತು. ಕಚೇರಿಗಳಲ್ಲೂ ಕಾಮಗಾರಿಯ ಜಾಗಗಳಲ್ಲೂ ಇನ್ನೆಷ್ಟು ದಿನ ಉಳಿದಿವೆ ಎಂದು ತೋರಿಸುವ ಹಿಮ್ಮುಖ ಗಡಿಯಾರ ಇರುತ್ತಿತ್ತು. ಕೊಂಕಣ ರೈಲ್ವೆಯಲ್ಲಿ ರೂಢಿಯಾದ ಕ್ರಮವೇ ಇಲ್ಲಿಗೂ ಬಂದಿತ್ತು. ಆ ಗಡಿಯಾರದ ಸಂಖ್ಯೆ ಕಿರಿಯ ಎಂಜಿನಿಯರಿಗೂ ನಿರ್ದೇಶಕರಿಗೂ ಒಂದೇ. ಗಡುವಿನ ಹೊಣೆ ಮೇಲಿನವರದಷ್ಟೇ ಅಲ್ಲ ಎಂಬುದು ಕೆಳಗಿನವರಿಗೂ ದಿನಾ ಎದುರಿಗೇ ಕಾಣುತ್ತಿತ್ತು. ನಾಯಕತ್ವದ ತರಬೇತಿ ಎಂದು ಹೆಸರಿಸಬಹುದಾದುದು ಬಹುಶಃ ಇಂಥ ನಿತ್ಯದ ಕ್ರಮಗಳಲ್ಲೇ ಹೆಚ್ಚಾಗಿತ್ತು. ಶಾಸ್ತ್ರಿ ಪಾರ್ಕ್‌ನಲ್ಲಿರುವ ನಿಗಮದ ತರಬೇತಿ ಸಂಸ್ಥೆಯನ್ನು ಇದರೊಂದಿಗೆ ಬೆರೆಸಬಾರದು. ರೈಲು ಚಾಲಕರು, ನಿಲ್ದಾಣ ನಿಯಂತ್ರಕರು ಮೊದಲಾದವರ ವೃತ್ತಿ ಕೌಶಲ ಅದರ ಮುಖ್ಯ ವಿಷಯ.

2009ರ ಜುಲೈ 12ರಂದು ದೆಹಲಿಯ ಜಮ್ರುದ್‌ಪುರದಲ್ಲಿ ನಿರ್ಮಾಣ ಹಂತದ ಮಾರ್ಗ ಕುಸಿದು ಕಾರ್ಮಿಕರು ಸತ್ತರು. ಮೃತರ ಸಂಖ್ಯೆ ಆರಂಭದ ವರದಿಗಳಲ್ಲಿ 5, ನಂತರದವುಗಳಲ್ಲಿ 6. ಶ್ರೀಧರನ್ ಅಂದೇ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಅಂಗೀಕರಿಸಲಿಲ್ಲ. ಐಐಟಿ ದೆಹಲಿಯ ಎ.ಕೆ. ನಾಗ್ಪಾಲ್ ನೇತೃತ್ವದ ಸಮಿತಿ ವಿನ್ಯಾಸದ ದೋಷವನ್ನು ಗುರುತಿಸಿತು. ತಲೆಯಾಳು ಹೇಗೆ ಹೊಣೆ ಹೊರುತ್ತಾನೆ ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ. ಎರಡನೇ ಸಾಲು ಅದರಿಂದ ಏನು ಕಲಿಯಿತು ಎಂಬುದಕ್ಕೆ ಇದನ್ನು ಪುರಾವೆಯಾಗಿ ಬಳಸುವುದು ಅತಿಯಾದೀತು.

5. ಮೊದಲ ಪರೀಕ್ಷೆ

ಎರಡನೇ ಸಾಲನ್ನು ಅಳೆಯಲು ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗದ ದಿನಾಂಕಗಳು ಹೆಚ್ಚು ಬೆಲೆಯವು. 22.7 ಕಿ.ಮೀ. ಉದ್ದದ ಈ ಮಾರ್ಗದ ಕಟ್ಟಡ ಕಾಮಗಾರಿ ನಿಗಮದ್ದು. ರೈಲು ಓಡಿಸುವ ಹೊಣೆ ಮೊದಲು ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಸಮೂಹದ ಕಂಪನಿಯದಾಗಿತ್ತು. 2011ರ ಫೆಬ್ರುವರಿ 23ರಂದು ತೆರೆದ ಮಾರ್ಗ 2012ರ ಜುಲೈನಲ್ಲಿ ಸೇತುವೆಯ ಬೇರಿಂಗ್‌ಗಳ ದೋಷದಿಂದಾಗಿ ನಿಂತಿತು. ಮಂಗು ಸಿಂಗ್ ಅಧಿಕಾರಕ್ಕೆ ಬಂದು ಆಗ ಆರು ತಿಂಗಳು ಕಳೆದಿತ್ತಷ್ಟೇ. 2013ರ ಜನವರಿ 22ರಂದು ಗಂಟೆಗೆ 50 ಕಿ.ಮೀ. ವೇಗಮಿತಿಯಲ್ಲಿ ಸಂಚಾರ ಮತ್ತೆ ಆರಂಭವಾಯಿತು. ಅದೇ ವರ್ಷ ನಿಗಮ ಮಾರ್ಗವನ್ನು ತನ್ನ ವಶಕ್ಕೆ ಪಡೆದ ದಿನ ಕೆಲವೆಡೆ ಜೂನ್ 30, ಕೆಲವೆಡೆ ಜುಲೈ 1 ಎಂದಿದೆ. ಹಸ್ತಾಂತರ ಮಧ್ಯರಾತ್ರಿಯದಾಗಿದ್ದರೆ ಎರಡೂ ಸರಿಯಾಗಬಹುದು. ವೇಗ 120 ಕಿ.ಮೀ.ಗೆ ಏರಿದ್ದು 2023ರಲ್ಲಿ, ವಿಕಾಸ್ ಕುಮಾರ್ ಅವಧಿಯಲ್ಲಿ.

ಹಿಂದಿನ ನಾಯಕನ ಕಾಲದ ಕಾಮಗಾರಿಯ ದೋಷವನ್ನು ಅದೇ ಸಂಸ್ಥೆಯಲ್ಲಿ ಬೆಳೆದವರು ಎದುರಿಸಬೇಕಾಗಿ ಬಂದದ್ದು ಇಲ್ಲಿನ ವಿಶೇಷ. ಒಳಗಿನ ತಿಳಿವಳಿಕೆ ದುರಸ್ತಿಗೆ ನೆರವಾದೀತು. ಒಳಗಿನವರಾಗಿರುವುದು ನಿಷ್ಠುರ ವಿಮರ್ಶೆಗೆ ತೊಡಕೂ ಆದೀತು. ಎರಡನ್ನೂ ತೂಗದೆ ‘ಒಳಗಿನ ಆಯ್ಕೆಯೇ ಮೇಲು’ ಎನ್ನುವುದು ಅವಸರದ ತೀರ್ಮಾನವಾಗುತ್ತದೆ.

6. ಬೆಂಗಳೂರಿನೊಡನೆ ಹೋಲಿಕೆ

ಬೆಂಗಳೂರು ಮೆಟ್ರೊದ ಮೊದಲ ಹಂತದ ವಿವರವಾದ ಯೋಜನಾ ವರದಿಯನ್ನು 2003ರಲ್ಲಿ ತಯಾರಿಸಿದ್ದು ದೆಹಲಿಯ ಈ ನಿಗಮವೇ. ಆದರೆ ಮುಖ್ಯಸ್ಥರ ನೇಮಕದ ಕ್ರಮ ಬೆಂಗಳೂರಿನಲ್ಲಿ ಬೇರೆ. ಅಲ್ಲಿ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಎನ್. ಶಿವಶೈಲಂ, ಪ್ರದೀಪ್ ಸಿಂಗ್ ಖರೋಲಾ, ಅಜಯ್ ಸೇಠ್, ಅಂಜುಂ ಪರ್ವೇಜ್, ಎಂ. ಮಹೇಶ್ವರ ರಾವ್, ಇವರೆಲ್ಲ ಐಎಎಸ್ ಅಧಿಕಾರಿಗಳು; ಸಂಸ್ಥೆಯೊಳಗಿನ ಏಣಿಯಿಂದ ಬಂದವರಲ್ಲ. ಈ ಕಾರಣಕ್ಕೆ ಬೆಂಗಳೂರಿನಲ್ಲಿ ಎರಡನೇ ಸಾಲೇ ಇಲ್ಲ ಎನ್ನಲಾಗದು. ತಾಂತ್ರಿಕ ನೆನಪು ಅಲ್ಲಿ ನಿರ್ದೇಶಕರು ಮತ್ತು ಮುಖ್ಯ ಎಂಜಿನಿಯರುಗಳ ಹಂತದಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಹೀಗಾಗಿ ಎರಡು ನಗರಗಳ ಹೋಲಿಕೆಗೆ ವ್ಯವಸ್ಥಾಪಕ ನಿರ್ದೇಶಕರ ಪಟ್ಟಿಗಿಂತ ಯೋಜನೆ ಹಾಗೂ ಕಾರ್ಯಾಚರಣೆ ವಿಭಾಗಗಳ ನಿರ್ದೇಶಕರ ಸೇವಾವಧಿ ಹೆಚ್ಚು ನಂಬಲರ್ಹ ಅಳತೆಯಾದೀತು.