ಬೇಡವೆಂದವರ ಲೆಕ್ಕ

1921ರಲ್ಲಿ ಥಾಮಸ್ ಎಡಿಸನ್ ತಮ್ಮಲ್ಲಿ ಕೆಲಸ ಕೇಳಿಕೊಂಡು ಬರುವ ಪದವೀಧರರಿಗೆ ಸುಮಾರು ನೂರೈವತ್ತು ಪ್ರಶ್ನೆಗಳ ಪತ್ರಿಕೆಯೊಂದನ್ನು ಕೊಡುತ್ತಿದ್ದರು. ಫ್ರಾನ್ಸಿನ ಗಡಿಗೆ ಯಾವ ಯಾವ ದೇಶಗಳಿವೆ, ಒಳ್ಳೆಯ ಹತ್ತಿ ಎಲ್ಲಿ ಬೆಳೆಯುತ್ತದೆ, ಇಂಥವು. ಬಂದವರಲ್ಲಿ ಬಹುಪಾಲು ಜನ ನಪಾಸು. ಪ್ರಶ್ನೆಗಳು ಸೋರಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾದವು. ಅದೇ ಮೇ ತಿಂಗಳಲ್ಲಿ ಬಾಸ್ಟನ್ನಿಗೆ ಬಂದಿದ್ದ ಐನ್‌ಸ್ಟೈನ್ ಅವರಿಗೂ ಅದರಲ್ಲೊಂದನ್ನು ಹಾಕಿದರು: ಶಬ್ದದ ವೇಗ ಎಷ್ಟು? ಪುಸ್ತಕದಲ್ಲಿ ಸುಲಭವಾಗಿ ಸಿಗುವುದನ್ನು ತಾನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದರಂತೆ ಅವರು. ನೂರು ವರ್ಷ ಕಳೆದರೂ ಆ ಜಗಳ ಮುಗಿದಿಲ್ಲ. ಇವತ್ತು ಅದು ನಡೆಯುತ್ತಿರುವುದು ಸಾಫ್ಟ್‌ವೇರ್ ಕೆಲಸದ ಸಂದರ್ಶನಗಳಲ್ಲಿ.

ನಾನು ಆ ಕಸುಬಿನವನಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ಅಕೌಂಟೆಂಟ್. ಆದರೆ ನನ್ನ ಹೆಂಡತಿ, ಭಾವಮೈದುನ, ಕನ್ನಡ ಕೂಟದ ಗೆಳೆಯರಲ್ಲಿ ಅರ್ಧಕ್ಕರ್ಧ ಜನ ಕೋಡ್ ಬರೆದು ಊಟ ಮಾಡುವವರು. ಅವರ ಗೋಳು ಕೇಳಿ ಕೇಳಿ, ಈ ಪದ್ಧತಿ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದೆ.

1950ರ ದಶಕದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಕಾಲೇಜುಗಳು ಬಹಳ ವಿರಳ. ಕಂಪ್ಯೂಟರು ಮಾರುತ್ತಿದ್ದ ಐಬಿಎಂಗೆ ಅದನ್ನು ನಡೆಸುವ ಜನ ಬೇಕು. ಯಾರನ್ನು ಆರಿಸುವುದು? ಗಣಿತ, ಸಂಗೀತ, ಚದುರಂಗ ಬಲ್ಲವರಿಗೆ ಇದು ಒಗ್ಗಬಹುದೆಂಬ ಊಹೆಯ ಮೇಲೆ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಹಾಗೆ ಸೇರಿದ ಕೆಲವೇ ಜನರಲ್ಲಿ ಚದುರಂಗದ ಗ್ರ್ಯಾಂಡ್‌ಮಾಸ್ಟರ್ ಆರ್ಥರ್ ಬಿಸ್‌ಗಯರ್ ಒಬ್ಬರು. 1955ರಲ್ಲಿ 'ಪ್ರೋಗ್ರಾಮರ್ ಆಪ್ಟಿಟ್ಯೂಡ್ ಟೆಸ್ಟ್' ಬಂತು. ಅಕ್ಷರಗಳ ಸರಣಿಯಲ್ಲಿ ಮುಂದಿನದು ಯಾವುದು, ಈ ಚಿತ್ರಕ್ಕೆ ಜೋಡಿ ಯಾವುದು, ಒಂದಷ್ಟು ಬಾಯಿಲೆಕ್ಕ. ಕೆಲವೇ ವರ್ಷಗಳಲ್ಲಿ ಅಮೆರಿಕದ ಉದ್ದಗಲಕ್ಕೂ ಇಂಥ ಪರೀಕ್ಷೆಗಳು ಹಬ್ಬಿದವು. ಅದರಲ್ಲಿ ಪಡೆದ ಅಂಕಕ್ಕೂ ಆಮೇಲಿನ ಕೆಲಸಕ್ಕೂ ನಂಟು ಬಹಳ ಸಡಿಲ ಎಂದು ಆಗಲೇ ಅಧ್ಯಯನಗಳು ಹೇಳುತ್ತಿದ್ದವು. ಆದರೂ ಬಿಡಲಿಲ್ಲ, ಸಾವಿರಾರು ಅರ್ಜಿಗಳನ್ನು ನೂರಕ್ಕೆ ಇಳಿಸಲು ಅಗ್ಗದ ಜರಡಿಯೊಂದು ಬೇಕಿತ್ತು.

1966ರಲ್ಲಿ ಕ್ಯಾನನ್ ಮತ್ತು ಪೆರಿ ಎಂಬ ಮನಶ್ಶಾಸ್ತ್ರಜ್ಞರು 1,378 ಪ್ರೋಗ್ರಾಮರುಗಳನ್ನು ಅಧ್ಯಯನ ಮಾಡಿ, ಇವರಿಗೆ ಒಗಟು ಬಿಡಿಸುವುದೆಂದರೆ ಇಷ್ಟ, ಜನರೊಂದಿಗೆ ಬೆರೆಯುವುದು ಅಷ್ಟಕ್ಕಷ್ಟೆ ಎಂದರು. ಅವರು ನೋಡಿದವರಲ್ಲಿ ಮಹಿಳೆಯರು 186 ಮಾತ್ರ. ಇದ್ದವರ ಸ್ವಭಾವವೇ ಬೇಕಾದವರ ಲಕ್ಷಣವಾಯಿತು. ಒಗಟು ಬಿಡಿಸುವ, ಮಾತು ಕಡಿಮೆಯ ಗಂಡಸಿನ ಚಿತ್ರ ಆಯ್ಕೆ ಮಾಡುವವರ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮೂರಿಗೂ ಅದು ಬಂತು. ನಾನು ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ರೂಮಿನಲ್ಲಿದ್ದ ಎಂಜಿನಿಯರಿಂಗ್ ಹುಡುಗರು ಐಟಿ ಕಂಪನಿಗಳ ಲಿಖಿತ ಪರೀಕ್ಷೆಗೆ ಶಕುಂತಲಾ ದೇವಿಯವರ 'ಪಜಲ್ಸ್ ಟು ಪಜಲ್ ಯೂ' ಹಿಡಿದು ಕೂರುತ್ತಿದ್ದರು. ಬೆಂಗಳೂರಿನಲ್ಲೇ ಹುಟ್ಟಿದ ಆಕೆ ಲೆಕ್ಕದ ಖುಷಿಗೆಂದು ಬರೆದ ಪುಸ್ತಕ ಉದ್ಯೋಗದ ಗೈಡ್ ಆಗಿತ್ತು. ಅತ್ತ ಅಮೆರಿಕದಲ್ಲಿ ಮೈಕ್ರೋಸಾಫ್ಟ್, ಮ್ಯಾನ್‌ಹೋಲಿನ ಮುಚ್ಚಳ ಯಾಕೆ ದುಂಡಗಿದೆ ಎಂಬಂಥ ಪ್ರಶ್ನೆಗಳಿಗೆ ಹೆಸರಾಗಿತ್ತು. 2004ರಲ್ಲಿ ಗೂಗಲ್ ಕ್ಯಾಲಿಫೋರ್ನಿಯಾದ ಹೆದ್ದಾರಿಯ ಬದಿಯಲ್ಲಿ ಗಣಿತದ ಒಗಟನ್ನೇ ಫಲಕ ಮಾಡಿ ನಿಲ್ಲಿಸಿತು. ಬಿಡಿಸಿದವರಿಗೆ ದಾರಿ ತೆರೆಯುತ್ತದೆ ಎಂಬ ಸೂಚನೆ. ಅದೇ ಗೂಗಲ್‌ನಲ್ಲಿ ನೇಮಕಾತಿಯ ಮೇಲ್ವಿಚಾರಣೆ ನೋಡುತ್ತಿದ್ದ ಲಾಸ್ಲೋ ಬಾಕ್ 2013ರಲ್ಲಿ, ಈ ಒಗಟುಗಳು ಏನನ್ನೂ ಮುಂಗಾಣುವುದಿಲ್ಲ, ಕೇಳುವವರಿಗೆ ತಾವು ಜಾಣರೆಂಬ ಸಮಾಧಾನ ಕೊಡುತ್ತವೆ ಅಷ್ಟೆ ಎಂದು ಒಪ್ಪಿಕೊಂಡರು.

ಒಗಟು ಹೋಯಿತು, ವೈಟ್‌ಬೋರ್ಡ್ ಉಳಿಯಿತು. ಅಪರಿಚಿತರ ಮುಂದೆ ನಿಂತು, ಬಾಯಲ್ಲಿ ವಿವರಿಸುತ್ತಾ, ಅಲ್ಗಾರಿದಮ್ ಬರೆಯಬೇಕು. ಇದಕ್ಕೆಂದೇ ಪುಸ್ತಕಗಳು ಬಂದವು, ನೂರಾರು ಸಮಸ್ಯೆ ಅಭ್ಯಾಸ ಮಾಡಿಸುವ ಲೀಟ್‌ಕೋಡ್ ಬಂತು. ಮ್ಯಾಕ್ ಬಳಸುವ ಪ್ರೋಗ್ರಾಮರುಗಳಲ್ಲಿ ಮನೆಮಾತಾದ 'ಹೋಮ್‌ಬ್ರೂ' ತಂತ್ರಾಂಶ ಕಟ್ಟಿದ ಮ್ಯಾಕ್ಸ್ ಹೋವೆಲ್, 2015ರಲ್ಲಿ, ಬೋರ್ಡಿನ ಮೇಲೆ ಬೈನರಿ ಟ್ರೀ ಒಂದನ್ನು ಎಡಬಲ ಮಗುಚಲಾಗದ್ದಕ್ಕೆ ತನ್ನನ್ನು ಗೂಗಲ್ ಬೇಡವೆಂದಿತು ಎಂದು ಸಿಟ್ಟಿನಲ್ಲಿ ಬರೆದುಕೊಂಡರು. 2020ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳಿಗೆ ಸಮಸ್ಯೆ ಕೊಟ್ಟರು. ಕೆಲವರು ಸಂದರ್ಶಕರ ಎದುರು ಬಿಡಿಸಬೇಕು, ಉಳಿದವರು ಒಂಟಿಯಾಗಿ ಕೋಣೆಯಲ್ಲಿ. ಎದುರು ನಿಂತವರ ಸಾಧನೆ ಅರ್ಧಕ್ಕಿಂತ ಕೆಳಗೆ ಬಿತ್ತು. ಮಹಿಳೆಯರ ಸಂಖ್ಯೆ ಚಿಕ್ಕದೇ, ಆದರೆ ಎದುರು ನಿಂತ ಎಲ್ಲ ಮಹಿಳೆಯರೂ ಸೋತರು, ಒಂಟಿಯಾಗಿ ಬರೆದ ಎಲ್ಲರೂ ಗೆದ್ದರು. ಅಳೆದದ್ದು ಕೋಡನ್ನೋ, ಎದೆಬಡಿತವನ್ನೋ?

ನಮ್ಮ ಮನೆಯಲ್ಲಿ ನಡೆದದ್ದೂ ಇದೇ. ಹದಿನಾಲ್ಕು ವರ್ಷ ಅನುಭವದ ನನ್ನ ಹೆಂಡತಿ, ಮಕ್ಕಳಿಗಾಗಿ ಮೂರು ವರ್ಷ ಬಿಡುವು ತೆಗೆದುಕೊಂಡು ಮತ್ತೆ ಅರ್ಜಿ ಹಾಕಿದಾಗ ಒಂದು ಕಂಪನಿ ಆರು ಸುತ್ತು ಕರೆಯಿತು. ಫೋನು, ಆನ್‌ಲೈನ್ ಪರೀಕ್ಷೆ, ಶನಿವಾರ ಭಾನುವಾರ ನುಂಗಿದ ಅಸೈನ್‌ಮೆಂಟ್, ಆಮೇಲೆ ಮೂರು ಮುಖಾಮುಖಿ. ಒಂಬತ್ತು ವಾರದ ಮೇಲೆ ಕಾರಣವಿಲ್ಲದ ಎರಡು ಸಾಲಿನ ಇಮೇಲ್. "ರೀ, ಹದಿನಾಲ್ಕು ವರ್ಷ ಏನು ಮಾಡಿದೆ ಅಂತ ಒಬ್ಬರೂ ಕೇಳಲಿಲ್ಲವಲ್ಲ" ಎಂದಳು. ನನ್ನನ್ನು ಯಾವ ಸಂದರ್ಶನದಲ್ಲೂ ಟ್ರಯಲ್ ಬ್ಯಾಲೆನ್ಸ್ ಹೊಂದಿಸಿ ತೋರಿಸು ಎಂದಿಲ್ಲ. 1949ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ನಮ್ಮ ಇನ್‌ಸ್ಟಿಟ್ಯೂಟ್ ಹಿಂಡಿ ಹಿಪ್ಪೆ ಮಾಡಿ ಪರೀಕ್ಷೆ ನಡೆಸುತ್ತದೆ ನಿಜ. ಆದರೆ ಒಂದು ಸಲ ಪಾಸಾದರೆ ಆ ಸದಸ್ಯತ್ವ ಸಂಖ್ಯೆಯೇ ಸಾಕ್ಷಿ.

ಸಾಫ್ಟ್‌ವೇರಿನವರೂ ಇಂಥದ್ದಕ್ಕೆ ಯತ್ನಿಸದೆ ಇರಲಿಲ್ಲ. 1962ರಲ್ಲೇ ಅಮೆರಿಕದಲ್ಲಿ ಡೇಟಾ ಪ್ರೊಸೆಸಿಂಗ್‌ಗೆ ಸರ್ಟಿಫಿಕೇಟ್ ಪರೀಕ್ಷೆ ಶುರುವಾಯಿತು. ಕಂಪನಿಗಳು ಅದನ್ನು ಕಡ್ಡಾಯವೆಂದು ಒಪ್ಪಲಿಲ್ಲ. 2013ರಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳಿಗೆಂದೇ ಅಲ್ಲಿ ಲೈಸೆನ್ಸ್ ಪರೀಕ್ಷೆ ತಂದರು. ಬರೆದವರು ಒಟ್ಟು 81 ಜನ, 2019ರಲ್ಲಿ ನಿಲ್ಲಿಸಿದರು. ಡಿಗ್ರಿ ಇಲ್ಲದವರಿಗೂ ಬಾಗಿಲು ತೆರೆದ ಕಸುಬು ಅದು, ಗೇಟು ಹಾಕಿಸಿಕೊಳ್ಳಲು ಮನಸ್ಸಿಲ್ಲ. ಅದು ಒಳ್ಳೆಯದೇ. ಆದರೆ ಊರಿಗೊಂದು ಪರೀಕ್ಷೆ ಇಲ್ಲದಿದ್ದರೆ ಮನೆಗೊಂದು ಪರೀಕ್ಷೆ. ಆ ಖರ್ಚೆಲ್ಲ ಕೆಲಸ ಕೇಳುವವರ ಭಾನುವಾರಗಳ ಖಾತೆಗೆ.

ಸಂದರ್ಶನದ ಬಗ್ಗೆ ಬಹಳ ಜನ ಓದಿದ ತನ್ನ ಬರಹದಲ್ಲಿ ಜೋಯೆಲ್ ಸ್ಪಾಲ್‌ಸ್ಕಿ 2000ದಲ್ಲೇ ಹೇಳಿದ್ದರು: ತಪ್ಪು ವ್ಯಕ್ತಿಯನ್ನು ಸೇರಿಸಿಕೊಳ್ಳುವುದಕ್ಕಿಂತ ಒಳ್ಳೆಯವರನ್ನು ಬಿಟ್ಟುಬಿಡುವುದು ಮೇಲು. ಆಡಿಟರ್ ಕಣ್ಣಿಗೆ ಇದು ಒಂದೇ ಬದಿ ಬರೆದ ಲೆಕ್ಕ. ತಪ್ಪಾಗಿ ಸೇರಿಸಿಕೊಂಡವರ ನಷ್ಟ ಪುಸ್ತಕದಲ್ಲಿ ಕಾಣುತ್ತದೆ. ತಪ್ಪಾಗಿ ಬೇಡವೆಂದವರ ನಷ್ಟಕ್ಕೆ ವೋಚರ್ ಇಲ್ಲ, ಖಾತೆ ಇಲ್ಲ. ಕಾಣದ ನಷ್ಟ ಎಷ್ಟು ಬೆಳೆದರೂ ಜರಡಿ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ.

ಆ ಕಾಣದ ಖಾತೆಯನ್ನು ಒಮ್ಮೆ ತೆರೆದು ತೋರಿಸಿದವರು ಈ ಇಂಗ್ಲೆಂಡಿನಲ್ಲೇ ಇದ್ದರು. ನಾಜಿಗಳಿಂದ ತಪ್ಪಿಸಿಕೊಂಡು ಐದನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದ ಸ್ಟೆಫನಿ ಶರ್ಲಿ, 1962ರಲ್ಲಿ ಆರು ಪೌಂಡು ಬಂಡವಾಳ ಹಾಕಿ 'ಫ್ರೀಲಾನ್ಸ್ ಪ್ರೋಗ್ರಾಮರ್ಸ್' ಕಟ್ಟಿದರು. ಆಕೆ ಹುಡುಕಿದ್ದು ಮದುವೆ, ಮಕ್ಕಳು ಎಂದು ಕೆಲಸ ಬಿಟ್ಟಿದ್ದ ಮಹಿಳೆಯರನ್ನು, ಎಂದರೆ ಮಿಕ್ಕ ಕಂಪನಿಗಳು ರೈಟ್ ಆಫ್ ಮಾಡಿದ್ದವರನ್ನು. ಮನೆಯಲ್ಲೇ ಕೂತು, ತಮಗೆ ಆಗುವ ಹೊತ್ತಿನಲ್ಲಿ ಕೆಲಸ. ಮೊದಲ 300 ಉದ್ಯೋಗಿಗಳಲ್ಲಿ 297 ಮಹಿಳೆಯರು. ತನ್ನ ಪತ್ರಗಳಿಗೆ ಉತ್ತರ ಬರಲಿಲ್ಲವೆಂದು ಆಕೆ 'ಸ್ಟೀವ್' ಎಂದು ಸಹಿ ಹಾಕತೊಡಗಿದ ಮೇಲೆ ಬಾಗಿಲುಗಳು ತೆರೆದವು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಪ್ರೋಗ್ರಾಂ ಬರೆದದ್ದು ಆ ಮನೆಗಳಲ್ಲಿ ಕೂತಿದ್ದವರೇ.

ಕಂಪನಿಗಳು ವರ್ಷದ ಕೊನೆಗೆ ಎಷ್ಟು ಜನರನ್ನು ಸೇರಿಸಿಕೊಂಡೆವೆಂದು ವರದಿ ಬರೆಯುತ್ತವೆ. ಬೇಡವೆಂದವರು ಎರಡು ವರ್ಷದ ಮೇಲೆ ಎಲ್ಲಿ ಏನು ಮಾಡುತ್ತಿದ್ದಾರೆಂದು ಅದರ ಕೆಳಗೆ ಇನ್ನೊಂದು ಸಾಲು ಬರೆಯಲಿ. ಜರಡಿಯಲ್ಲಿ ಉಳಿದದ್ದು ಕಾಳೋ, ಹೊಟ್ಟೋ ಎಂದು ಆ ಸಾಲು ಹೇಳುತ್ತದೆ.